ಬಲ ಹಾಕದ ಕೈ

ನಮ್ಮ ಯಜಮಾನರಿಗೆ ಕೋಪ ಬರುವುದಿಲ್ಲ. ಇದನ್ನು ಕೇಳಿದವರೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಅವರು ಬಂದು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಲಿ. ಬಾಗಿಲು ಬಿಗಿದುಕೊಂಡರೆ ಇವರು ತಳ್ಳುವುದಿಲ್ಲ, ಅದರ ಮುಂದೆ ನಿಂತು ಯೋಚಿಸುತ್ತಾರೆ. ಡಬ್ಬಿಯ ಮುಚ್ಚಳ ಬರದಿದ್ದರೆ ಪಕ್ಕಕ್ಕಿಟ್ಟು, "ನಾಳೆಗೆ ಸಡಿಲ ಆಗುತ್ತೆ ಬಿಡು" ಎನ್ನುತ್ತಾರೆ. ಮೂವತ್ತೊಂದು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಅದು. ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಗಿಂತ ಸಣ್ಣ ಸ್ಕ್ರೂ. ಕೆಲಸ ಕಲಿಸಿದ ಗುರು ಮೊದಲ ದಿನ ಹೇಳಿದ್ದು ಒಂದೇ ಮಾತಂತೆ: ಬಲ ಹಾಕಿದವನು ಕೆಟ್ಟ.

ನನ್ನ ಕೆಲಸ ಇದಕ್ಕೆ ತದ್ವಿರುದ್ಧ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮಕ್ಕಳ ಅಂಗಿಗಳ ಟಿಚ್ ಬಟನ್ ಪರೀಕ್ಷೆ ಮಾಡುವವಳು ನಾನು. ಹೆಬ್ಬೆರಳಿಟ್ಟು ಒತ್ತಬೇಕು. ಟಕ್ ಅಂದರೆ ಕೂತಿತು, ಅನ್ನದಿದ್ದರೆ ಅಂಗಿ ವಾಪಸ್ಸು. ದಿನಕ್ಕೆ ಎಂಟುನೂರು ಅಂಗಿ. ನನ್ನ ಬಲಗೈ ಹೆಬ್ಬೆರಳು ಎಡಗೈಯದಕ್ಕಿಂತ ಅಗಲವಾಗಿದೆ. ಮದುವೆಯಾದ ಹೊಸತರಲ್ಲಿ ಇವರ ಮೇಜು ಒರೆಸಲು ಹೋಗಿ ಯಾರದೋ ಗಡಿಯಾರದ ಗಾಜು ಒಡೆದೆ. ಬೈಯಲಿಲ್ಲ. "ನಿನ್ನ ಕೈ ಸ್ವಲ್ಪ ಭಾರ ಕಣೇ" ಎಂದರು, ಅಷ್ಟೆ. ಅಂದಿನಿಂದ ಆ ಮೇಜು ಮುಟ್ಟಿರಲಿಲ್ಲ. ಬೈದಿದ್ದರೆ ಮಾರನೆಯ ದಿನವೇ ಮುಟ್ಟುತ್ತಿದ್ದೆ.

ಈಗ ಗಂಟೆ ನೋಡಲು ಎಲ್ಲರ ಕೈಯಲ್ಲೂ ಫೋನಿದೆ. ಅಂಗಡಿಗೆ ಬರುವವರು ನಿಂತೇ ಹೋದರು. ಕಳೆದ ವರ್ಷ, ಐವತ್ತಾರನೆಯ ವಯಸ್ಸಿನಲ್ಲಿ, ಇವರು ಆರು ತಿಂಗಳು ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ರಿಪೇರಿ ಕಲಿತರು. ನೋಟ್‌ಬುಕ್ಕಿಗೆ ಕಾಗದದ ಹೊದಿಕೆ ಹಾಕಿ, ಲೇಬಲ್ ಅಂಟಿಸಿ, ತರಗತಿಗೇ ಮೊದಲಿಗರಾಗಿ ಪಾಸಾಗಿ, ಅಂಗಡಿಯ ಬೋರ್ಡಿನಲ್ಲಿ ಇನ್ನೊಂದು ಸಾಲು ಬರೆಸಿದರು. ನಾಲ್ಕು ತಿಂಗಳಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಆಗ ನನ್ನ ತಮ್ಮ, ತಾನು ಕೆಲಸ ಮಾಡುವ ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಖಾಲಿಯಿದೆ ಎಂಬ ಸುದ್ದಿ ತಂದ. "ಇಷ್ಟು ದಿನ ವಾಚು, ಇನ್ಮೇಲೆ ವಾಚ್‌ಮನ್ನು. ಏನ್ ಮಹಾ ದೂರ ಭಾವ?" ಎಂದು ನಕ್ಕ. ಇವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಭಾನುವಾರ ಸಂಜೆ ಆರಕ್ಕೆ ಅಂಗಡಿಗೇ ಬಂದು ಉತ್ತರ ಕೇಳುತ್ತೇನೆ, ತಡವಾದರೆ ಕೆಲಸ ಬೇರೆಯವರ ಪಾಲು ಎಂದು ಹೇಳಿ ಹೋದ.

ಗುರುವಾರ ಮೊದಲ ಕಂಪ್ಯೂಟರ್ ಬಂತು. ಎದುರು ಸಾಲಿನ ಝೆರಾಕ್ಸ್ ಅಂಗಡಿಯ ಮೇಡಂದು. ತುಂಬಾ ನಿಧಾನ, ಮೆಮೊರಿ ಜಾಸ್ತಿ ಮಾಡಿಕೊಡಿ ಎಂದು ಹೊಸ ಪಟ್ಟಿಯನ್ನೂ ಅವರೇ ತಂದುಕೊಟ್ಟರು. ಮೆಮೊರಿ ಅಂದರೆ ಅರ್ಧ ಗೇಣುದ್ದದ ಹಸಿರು ಪಟ್ಟಿ. ಒಳಗಿನ ದೊಡ್ಡ ಬೋರ್ಡಿನ ಸೀಳಿನಲ್ಲಿ, ಹಳೆಯದರ ಪಕ್ಕ, ಅದನ್ನು ನಿಲ್ಲಿಸಿದರೆ ಮುಗಿಯಿತು. "ಹತ್ತು ನಿಮಿಷದ ಕೆಲಸ" ಎಂದರು ನಮ್ಮವರು. ಹಳೆಯದನ್ನೂ ತೆಗೆದು ಒರೆಸಿ, ಎರಡನ್ನೂ ಹಾಕಿದರು. ಫ್ಯಾನು ತಿರುಗಿತು. ಬೀಪ್ ಬೀಪ್ ಎಂದು ಒಂದೇ ಸಮನೆ ಬಡಿದುಕೊಂಡಿತು. ಪರದೆ ಕಪ್ಪಗೇ ಉಳಿಯಿತು.

ಹೊಸದನ್ನು ಬಿಟ್ಟು ಹಳೆಯದೊಂದನ್ನೇ ಹಾಕಿ ನೋಡಿದರು. ಬೀಪ್. ಅದಲು ಬದಲು ಮಾಡಿದರು. ಬೀಪ್. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು, ಸೀಳಿನ ಧೂಳನ್ನು ಗಡಿಯಾರಕ್ಕೆ ಗಾಳಿ ಊದುವ ರಬ್ಬರ್ ಬುಗ್ಗೆಯಿಂದಲೇ ಊದಿದರು. ಆ ಬೋರ್ಡಿನ ಮೇಲೂ ಒಂದು ಬಿಲ್ಲೆ ಸೆಲ್ಲು ಇರುತ್ತದೆ, ಕೈಗಡಿಯಾರದ ಸೆಲ್ಲಿನ ದೊಡ್ಡಣ್ಣ. ಅದನ್ನು ಬದಲಾಯಿಸುವಾಗ ಮಾತ್ರ ಇವರ ಮುಖದಲ್ಲಿ ಕಳೆಯಿತ್ತು. ಮತ್ತೆ ಬೀಪ್ ಅಂದಿತು, ಆ ಕಳೆಯೂ ಹೋಯಿತು.

ಭಾನುವಾರ ನನಗೆ ರಜೆ. ಮಧ್ಯಾಹ್ನ ಊಟ ತೆಗೆದುಕೊಂಡು ಅಂಗಡಿಗೆ ಹೋದೆ. ಇವರು ಬುತ್ತಿಯ ಕಡೆ ತಿರುಗಿಯೂ ನೋಡಲಿಲ್ಲ.

"ಬೋರ್ಡೇ ಹೋಗಿದೆ ಕಣೇ. ನಾನೇ ಹಾಳು ಮಾಡ್ದೆ. ಮೇಡಂಗೆ ಹೇಳಿ ಬರ್ತೀನಿ. ಸಂಜೆ ನಿನ್ನ ತಮ್ಮ ಬಂದ್ರೆ ಹೂಂ ಅಂತೀನಿ."

"ಹೂಂ ಅನ್ನೋದೊಂದು ಚೆನ್ನಾಗಿ ಬರುತ್ತೆ ನಿಮಗೆ" ಎಂದೆ. ಅದಕ್ಕೂ ಹೂಂ ಎಂದು ಹೊರಟರು.

ಅವರ ಬೆನ್ನು ನೋಡಿ ಕರುಳು ಚುರುಕ್ ಎಂದಿತು. ಗೇಟು ಕಾಯುವುದು ಕೀಳು ಎಂದಲ್ಲ, ನಮ್ಮಪ್ಪ ಕಾದೇ ನಮ್ಮನ್ನು ಸಾಕಿದ್ದು. ಆದರೆ ಇವರು ಕೈ ಕಟ್ಟಿ ಕೂತು ಬದುಕುವ ಜೀವವಲ್ಲ. ಎರಡೇ ವರ್ಷದಲ್ಲಿ ಸೊರಗಿಹೋಗುತ್ತಾರೆ.

ಆಗ ತೆರೆದಿಟ್ಟ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದೆ. ಪ್ರತಿ ಸೀಳಿನ ಎರಡು ತುದಿಗೂ ಒಂದೊಂದು ಬಿಳಿ ಕೊಕ್ಕೆ. ಎಲ್ಲವೂ ಬಾಯಿ ಬಿಟ್ಟುಕೊಂಡಿದ್ದವು. ಪಟ್ಟಿಗಳು ಮೊದಲ ಸಲ ಬೀಗರ ಮನೆಗೆ ಬಂದವರ ಹಾಗೆ ತುದಿಯಲ್ಲಿ ಕೂತಿದ್ದವು. ಕಂಪ್ಯೂಟರ್ ನನಗೆ ಗೊತ್ತಿಲ್ಲ. ಕೂರದ ಬಟನ್ ಗೊತ್ತು. ಗೋಡೆಯ ಸ್ವಿಚ್ ಆರಿದೆಯೇ ನೋಡಿಕೊಂಡು ಹೆಬ್ಬೆರಳಿಟ್ಟು ಒತ್ತಿದೆ. ಟಕ್. ಇನ್ನೊಂದು ತುದಿ, ಟಕ್. ಕೊಕ್ಕೆ ತಾನಾಗಿ ಬಂದು ಕಚ್ಚಿಕೊಂಡಿತು. ಎರಡನೆಯದಕ್ಕೂ ಹಾಗೇ ಮಾಡಿ ಸ್ವಿಚ್ ಹಾಕಿ ಗುಂಡಿ ಒತ್ತಿದರೆ, ಒಂದೇ ಒಂದು ಸಣ್ಣ ಬೀಪ್, ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಮೇಡಂ ಸಾಕಿದ ಬೆಕ್ಕಿನ ಚಿತ್ರ.

ಕೂಗಿ ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ನಾನು ಸರಿಮಾಡಿದೆ ಅಂದರೆ ಇವರು ನಗುತ್ತಲೇ ಒಪ್ಪುತ್ತಾರೆ, ನಗುತ್ತಲೇ ಗೇಟಿಗೂ ಹೋಗುತ್ತಾರೆ. ಮುಂದಿನ ಕಂಪ್ಯೂಟರ್ ಬಂದರೆ ನಾನೇನು ಕಾರ್ಖಾನೆಗೆ ರಜೆ ಹಾಕಿ ಬರಲೇ? ಎಲ್ಲ ಆರಿಸಿ, ಕೊಕ್ಕೆ ಬಿಚ್ಚಿ, ಪಟ್ಟಿಗಳನ್ನು ಮೊದಲಿನ ಹಾಗೇ ಸಡಿಲ ಮಾಡಿಟ್ಟೆ. ಸರಿಯಾಗಿದ್ದನ್ನು ಕೈಯಾರೆ ಕೆಡಿಸುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಇವರು ಬಂದರು. "ಅಲ್ಲಿ ಜನ ಇದ್ರು. ಆಮೇಲೆ ಹೇಳ್ತೀನಿ" ಎಂದರು.

"ರೀ, ಅದು ಸರಿಯಾಗಿ ಕೂತಿಲ್ಲ. ಒತ್ತಿ."

"ಒತ್ತಿದೀನಿ."

"ನೀವು ಮಾಡಿರೋದು ಒತ್ತೋದಲ್ಲ, ಸವರೋದು."

"ಮುರಿಯುತ್ತೆ ಕಣೇ."

"ಮುರೀಲಿ! ನಿಮ್ಮ ಜನ್ಮದಲ್ಲಿ ಒಂದಾದ್ರೂ ಮುರಿದಿದೀರಾ? ಬಾಗಿಲು ತಳ್ಳಲ್ಲ, ಮುಚ್ಚಳ ತೆಗೆಯಲ್ಲ. ನನ್ನ ತಮ್ಮ ಮುಖಕ್ಕೆ ಹೊಡೆದ ಹಾಗೆ ಅಂದ್ರೆ ಹಲ್ಲು ಕಿರಿದು ನಗ್ತೀರಿ. ನೀವೇ ನಕ್ಕುಬಿಟ್ರೆ ನಾನು ಯಾರ ಪರವಾಗಿ ಜಗಳ ಆಡ್ಲಿ?"

ಇನ್ನೂ ಬಹಳ ಅಂದೆ. ಪಕ್ಕದ ಅಂಗಡಿಯವರು ರೇಡಿಯೋ ಸಣ್ಣ ಮಾಡಿಕೊಂಡು ಕೇಳಿಸಿಕೊಂಡರು.

ಇವರು ಕಣ್ಣಿನ ಭೂತಗನ್ನಡಿ ತೆಗೆದಿಟ್ಟು, ಪಟ್ಟಿಯ ಮೇಲೆ ಹೆಬ್ಬೆರಳಿಟ್ಟರು. ಉಗುರು ಬೆಳ್ಳಗಾಯಿತು. ಕಣ್ಣು ಮುಚ್ಚಿಕೊಂಡು ಒತ್ತಿದರು. ಟಕ್ ಎಂದದ್ದಕ್ಕೆ ಹೌಹಾರಿ ಹಿಂದೆ ಸರಿದರು. ಏನೂ ಮುರಿದಿರಲಿಲ್ಲ. ಉಳಿದ ಮೂರು ತುದಿಗಳನ್ನು ಕಣ್ಣು ಬಿಟ್ಟುಕೊಂಡೇ ಒತ್ತಿದರು. ಬೆಕ್ಕು ಬಂತು.

ನಾಲ್ಕಕ್ಕೆ ಮೇಡಂ ಬಂದು ಓಡಿಸಿ ನೋಡಿ, "ಪ್ರಿಂಟರೂ ತಂದುಕೊಡ್ಲಾ?" ಎಂದರು. ಆರಕ್ಕೆ ತಮ್ಮ ಬಂದ. "ಇಲ್ಲಪ್ಪ, ನನಗೆ ಇಲ್ಲಿ ಕೆಲಸ ಇದೆ. ಇನ್ನು ಮೇಲೆ ಆ ತರ ತಮಾಷೆ ಮಾಡ್ಬೇಡ" ಎಂದರು ಇವರು, ನಗದೆ. ತಮ್ಮ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಷಟರ್ ಎಳೆದು ಮನೆ ಕಡೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ಏನು, ಮುರೀತಾ?" ಎಂದು ಚುಚ್ಚಿದೆ.

"ಇಲ್ಲ. ನೀನು ಒತ್ತಿದಾಗಲೂ ಮುರೀಲಿಲ್ಲವಲ್ಲ."

ನನ್ನ ಕಾಲು ಅಲ್ಲೇ ನಿಂತಿತು.

"ರಸ್ತೆ ಆಚೆ ನಿಂತಿದ್ದೆ" ಎಂದರು. "ಮೇಡಂಗೆ ಹೇಳೋಕೆ ಬಾಯೇ ಬರ್ಲಿಲ್ಲ. ತಿರುಗಿ ನೋಡಿದ್ರೆ ನಿನ್ನ ಮುಖದ ಮೇಲೆ ಪರದೆಯ ಬೆಳಕು. ಆಮೇಲೆ ನೀನು ಅದನ್ನ ಬಿಚ್ಚಿ ಇಟ್ಟಿದ್ದೂ ನೋಡ್ದೆ."

"ಮತ್ತೆ ಅಷ್ಟೊಂದು ಯಾಕೆ ಬೈಸ್ಕೊಂಡ್ರಿ?"

"ಮುರಿಯಲ್ಲ ಅಂತ ಗೊತ್ತಿದ್ರೂ ಕೈ ಬರ್ತಿರ್ಲಿಲ್ಲ ಕಣೇ. ನನಗೋಸ್ಕರ ಆಗಿದ್ದ ಕೆಲಸಾನೇ ಕೆಡಿಸಿದವಳು, ಇವಳ ಮುಂದೆ ಒತ್ತದೇ ಇದ್ರೆ ಹೇಗೆ ಅಂತ ಒತ್ತಿದೆ."

ನನಗೆ ಅಳು ಬಂತು. ಬೀದಿಯಲ್ಲಿ ಅಳುವ ಜಾಯಮಾನ ನನ್ನದಲ್ಲ, ಆದರೂ ಅತ್ತೆ.

"ಜನ ನೋಡ್ತಾರೆ" ಎಂದರು.

"ನೋಡ್ಲಿ" ಎಂದೆ.