ಬಾತುಮರಿಗಳಿಗೆ ದೊಡ್ಡಪ್ಪ ಹಾಕಿದ ಜಾಲರಿ

ನಮ್ಮ ದೊಡ್ಡಪ್ಪ ಗ್ರಿಲ್ ಮಾಡುವವನು. ಕಿಟಕಿಯೋ ಗೇಟೋ, ತೆರೆದ ಜಾಗ ಕಂಡರೆ ಅವನ ಕೈ ತುರಿಸುತ್ತದೆ. ಬೀದಿಯವರು ಬೀಗದಪ್ಪ ಅಂತಲೇ ಹೆಸರಿಟ್ಟಿದ್ದಾರೆ. ಅವನ ಮನೆಯೊಳಗೆ ಇರುವೆ ನುಗ್ಗಬೇಕಾದರೂ ಅಪ್ಪಣೆ ಬೇಕು. ಬೀಗದ ಕೈ ಗೊಂಚಲು ಸ್ನಾನ ಮಾಡುವಾಗಲೂ ಸೊಂಟದಲ್ಲೇ ಇರುತ್ತದೆ.

ಆ ಮನೆಯಲ್ಲಿ ಅವನು ಮತ್ತು ಅವನ ಮಗಳು, ಇಬ್ಬರೇ. ನನಗಿಂತ ದೊಡ್ಡವಳು, ಅಕ್ಕ ಅನ್ನುತ್ತೇನೆ. ನಮ್ಮದು ಪಕ್ಕದ ಮನೆ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ದೊಡ್ಡಮ್ಮ ಬಿಟ್ಟು ಹೋದಳು ಅನ್ನುವುದು ನಮ್ಮ ಮನೆಯ ಕಥೆ. ಹೇಳಿದವನು ದೊಡ್ಡಪ್ಪ, ನಂಬಿದವರು ಆಮೇಲೆ ಇಲ್ಲಿಗೆ ಬಂದ ನಾವೆಲ್ಲ. "ಹೆತ್ತವಳೇ ಬಿಟ್ಟುಹೋದ್ಲು. ನಿನ್ನನ್ನ ಕಾಯೋನು ನಾನೊಬ್ನೇ." ಅಕ್ಕ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಇದೇ ಮಾತು, ಹೆಣ್ಣು ನೋಡಲು ಬಂದವರನ್ನು ಗೇಟಿನಿಂದಲೇ ಕಳಿಸಿದಾಗಲೂ ಇದೇ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಕ್ಕ ಮನೆಯಲ್ಲೇ ಉಳಿದು ಅವನ ಜೊತೆ ಕಬ್ಬಿಣ ಕತ್ತರಿಸುವುದನ್ನು ಕಲಿತಳು.

ಈ ಸಲ ಹಿತ್ತಿಲಿನ ಹಳೇ ಕಬ್ಬಿಣದ ರಾಶಿಯ ಹಿಂದೆ ಒಂದು ಕಾಡು ಬಾತುಕೋಳಿ ಮೊಟ್ಟೆ ಇಟ್ಟಿತು. ಎದುರಿನ ಕಾಲುವೆಯಿಂದ ಬಂದದ್ದು. ದೊಡ್ಡಪ್ಪನಿಗೆ ಅದೆಲ್ಲಿಂದ ಕರುಣೆ ಉಕ್ಕಿತೋ. ಸದ್ದಿಗೆ ಹೆದರೀತು ಅಂತ ಕೆಲಸವನ್ನು ಮನೆಯ ಮುಂದಕ್ಕೆ ಸಾಗಿಸಿದ. ಬೆಕ್ಕಿಗೆ ಕಲ್ಲು ಬೀರಿದ. ಕಣ್ಣಲ್ಲಿ ಕಣ್ಣಿಟ್ಟು ಕಾದ.

ಮರಿಗಳು ಹೊರಬಂದ ಬೆಳಿಗ್ಗೆ ಮೇಲೆ ಹದ್ದೊಂದು ಸುತ್ತಿತು. ಅಷ್ಟೇ ಸಾಕಾಯಿತು. ಯಾರದೋ ಕಿಟಕಿಗೆಂದು ಇಟ್ಟಿದ್ದ ಜಾಲರಿಗಳನ್ನು ದಡಬಡ ಎಳೆದು ತಂದ. ಆ ಗಲಾಟೆಗೆ ತಾಯಿ ಹಾರಿಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ಮರಿಗಳ ಸುತ್ತಲೂ ಜಾಲರಿ, ಮೇಲೂ ಜಾಲರಿ, ಬಾಗಿಲಿಗೆ ಬೀಗ. ಒಳಗೆ ಒಂದು ಟಬ್ ನೀರು, ಒಂದು ತಟ್ಟೆ ನೆನೆಸಿದ ಬ್ರೆಡ್ಡು.

ತಾಯಿ ಜಾಲರಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಒಂದೇ ಸಮನೆ ಕರೆಯಿತು. ಮರಿಗಳು ಕೆಳಗೆ ಅದರ ನೆರಳಿನ ಹಿಂದೆಯೇ ಓಡಿದವು.

"ಬೀಗ ತೆಗಿ ಅಪ್ಪಾ. ಅದು ನೀರಿಗೆ ಕರ್ಕೊಂಡು ಹೋಗುತ್ತೆ," ಅಂದಳು ಅಕ್ಕ.

"ಹದ್ದಿನ ಬಾಯಿಗೆ ಕೊಡೋಕಾ? ಸ್ವಲ್ಪ ಸದ್ದಾದ್ರೆ ಮಕ್ಕಳನ್ನ ಬಿಟ್ಟು ಹಾರೋ ಜಾತಿ ಅದು. ಈಗ ನಾಟಕ."

ಸಂಜೆಗೆ ಎರಡು ಮರಿ ಟಬ್ಬಿನಲ್ಲಿ ತೇಲುತ್ತಿದ್ದವು. ನುಣುಪು ಅಂಚು ಹತ್ತಲಾಗದೆ ಮುಳುಗಿದ್ದವು. ಒಂದನ್ನು ಬಿಟ್ಟು ಮಿಕ್ಕವು ರಾತ್ರಿ ತಾಯಿಯ ಬಿಸಿ ಇಲ್ಲದೆ ಒಂದರ ಮೇಲೊಂದು ಬಿದ್ದು ಚಳಿಗೆ ಸತ್ತವು. ಬೆಳಿಗ್ಗೆ ದೊಡ್ಡಪ್ಪ ಅವನ್ನು ಪೇಂಟ್ ಡಬ್ಬಕ್ಕೆ ಹಾಕುತ್ತ, "ನೋಡು, ಬೆಕ್ಕು ಒಂದನ್ನೂ ಮುಟ್ಟಿಲ್ಲ," ಅಂದ. ಅವನ ಮುಖದಲ್ಲಿ ಹೆಮ್ಮೆಯೇ ಇತ್ತು. ನನಗೆ ಮೈ ಉರಿಯಿತು. ಉಳಿದದ್ದು ಒಂದೇ ಮರಿ.

ಅವತ್ತು ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ಹಿತ್ತಿಲಲ್ಲಿ ತಾಯಿ ಬಾತಿನ ಕರೆ ಇದ್ದಕ್ಕಿದ್ದಂತೆ ನಿಂತಿತು.

"ಹೋಯ್ತು ನೋಡು," ಅಂದ ದೊಡ್ಡಪ್ಪ. "ನಿಮ್ಮಮ್ಮನ ಹಾಗೇ."

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ಅಮ್ಮನೂ ಹೊರಗೆ ನಿಂತು ಕರೆದಿದ್ಲಾ?"

"ಕರೀದೆ ಇರ್ತಾಳಾ? ತವರಿಗೆ ಹೋದೋಳು ಹೇಳಿದ ದಿನಕ್ಕೆ ಬರಲಿಲ್ಲ. ಬೀಗ ಹಾಕ್ದೆ. ಗೇಟು ಅಲ್ಲಾಡಿಸಿದ್ಲು, ನಿನ್ನ ಹೆಸರು ಹಿಡಿದು ಕೂಗಿದ್ಲು. ಗಂಟಲು ಕಟ್ಟಿದ ಮೇಲೆ ಸುಮ್ಮನಾದ್ಲು. ಉಪ್ಪು ಕೊಡು."

ಅಕ್ಕ ಉಪ್ಪು ಕೊಟ್ಟಳು. ಕೈ ತೊಳೆದಳು. ಹಿತ್ತಿಲಿಗೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ಒಯ್ದು ಜಾಲರಿಯ ಬೀಗ ಕತ್ತರಿಸಿ, ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಗೇಟಿನ ಬೀಗ ಕತ್ತರಿಸಿದಳು. ನಾನು ಅವಳ ಹಿಂದೆಯೇ ಓಡಿದೆ. ದೊಡ್ಡಪ್ಪ ಎಂಜಲು ಕೈಯಲ್ಲೇ ಎದ್ದು ಬರುವಷ್ಟರಲ್ಲಿ ನಾವಿಬ್ಬರೂ ರಸ್ತೆ ದಾಟಿದ್ದೆವು.

ಕಾಲುವೆಯಲ್ಲಿ ತಾಯಿ ಇರಲಿಲ್ಲ. ಅಕ್ಕ ಮಡಿಲು ಬಿಚ್ಚಿ ನೋಡಿದಳು. ಮರಿಯ ಕತ್ತು ವಾಲಿತ್ತು, ಉಸಿರಿರಲಿಲ್ಲ. ಅದನ್ನು ನೀರಿಗೆ ಬಿಟ್ಟು, ಅದು ದೂರ ಹೋಗುವವರೆಗೂ ನೋಡುತ್ತ ನಿಂತಳು.

ತಿರುಗಿದರೆ, ದೊಡ್ಡಪ್ಪ ಒಳಗಿನಿಂದ ಗೇಟಿಗೆ ಹೊಸ ಬೀಗ ಹಾಕುತ್ತಿದ್ದ. ಹಾಕಿ ಎರಡು ಸಲ ಎಳೆದು ನೋಡಿದ. ಆಮೇಲೆ ಕಂಬಿ ಹಿಡಿದು ನಮ್ಮ ಕಡೆ ನೋಡುತ್ತ ನಿಂತ, ಮಗಳು ಕೂಗಲಿ ಅಂತ.

ಅಕ್ಕ ಕೂಗಲಿಲ್ಲ.