ಸುನಂದಾ ಹುಟ್ಟಿದಾಗ ಪ್ರಧಾನಿ ಯಾರಿದ್ದರು

ಇಳಕಲ್ಲಿನ ನಮ್ಮ ಓಣಿಯ ಸುನಂದಾ ಒಂಬತ್ತನೆಯ ವಯಸ್ಸಿಗೆ ನೇಯುವ ನೂಲನ್ನು ಕಂಡಿಕೆಗೆ ಸುತ್ತಲು ಕೂತವರು. ಹದಿಮೂರಕ್ಕೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯತೊಡಗಿದರು. ಮದುವೆಯಾಗಿ ಬಂದ ಮನೆಯಲ್ಲೂ ಅದೇ ಕೆಲಸವಿತ್ತು. ಈಗ ಅವರ ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಕುಣಿಯಿಂದ ಏಳುವಾಗ ಅರ್ಧಕ್ಕೆ ನಿಂತು ಉಸಿರು ಬಿಡುತ್ತಾರೆ.

೨೦೨೫ರ ಜೂನ್ ಕೊನೆಗೆ ಮಗ್ಗದ ಮೇಲಿನ ಸೀರೆ ಮುಗಿಯಿತು. ಹೊಸ ಸೀರೆಗೆ ಹಾಸಿನ ನೂಲು ಕಳಿಸಲೇ ಎಂದು, ಕೂಲಿ ಕೊಟ್ಟು ನೇಯಿಸುವ ಮಾಲಕರು ಕೇಳಿದರು. ಸುನಂದಾ ನಾಲ್ಕು ದಿನದ ಸಮಯ ಕೇಳಿದರು. ಅರವತ್ತು ತುಂಬಿದವರಿಗೆ ಪಿಂಚಣಿ ಬರುತ್ತದೆ. ಅದು ಬಂದರೆ ಮಗ್ಗ ಬಿಡುವುದೆಂದು ಅವರು ಮನಸ್ಸು ಮಾಡಿದ್ದರು. ಆದರೆ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷವನ್ನು ಯಾರೋ ಅಂದಾಜಿನಲ್ಲಿ ೧೯೭೦ ಎಂದು ಬರೆಸಿದ್ದರು. ನಿಜವಾದ ತಾರೀಕು ಬರೆದು, ತಿಳಿದ ಹಿರಿಯರೊಬ್ಬರ ಸಹಿ ಹಾಕಿಸಿ ತರಬೇಕೆಂದು ಪಿಂಚಣಿ ಕಚೇರಿಯ ಗುಮಾಸ್ತರು ಹೇಳಿದರು.

ಸುನಂದಾಗೆ ಗೊತ್ತಿದ್ದದ್ದು ಒಂದೇ ಮಾತು. ಅದನ್ನು ಸೊಸೆ ಅನುರಾಧಾಗೆ ಹೇಳಿದರು. "ನಾ ಹುಟ್ಟಿದಾಗ ನಂದಾ ಅನ್ನಾವ್ರು ಪ್ರಧಾನಿ ಇದ್ರಂತ. ಅದಕ್ಕ ನಮ್ಮಪ್ಪ ಸುನಂದಾ ಅಂತ ಇಟ್ಟಾನ."

ಅನುರಾಧಾ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಳು. ಪ್ರಧಾನಿಗಳ ಪಟ್ಟಿ ಅವಳಿಗೆ ಬಾಯಿಪಾಠ.

"ಅವ್ರು ಎರಡ ಸಲ ಆಗ್ಯಾರ್ರಿ ಅತ್ತಿ. ಪ್ರಧಾನಿ ತೀರಿಕೊಂಡ್ರ ಕುರ್ಚಿ ಖಾಲಿ ಇಡಾಂಗಿಲ್ಲ. ಪಕ್ಷದವ್ರು ಹೊಸಾ ನಾಯಕನ್ನ ಆರಿಸೂತನಕ ಹಿರೇ ಮಂತ್ರೀನ್ನ ರಾಷ್ಟ್ರಪತಿ ಕುಂದರಸ್ತಾರ. ಅರವತ್ನಾಕರಾಗ ನೆಹರೂ ತೀರಿದಾಗ ಮೇ ಕೊನಿಯಿಂದ ಜೂನ್ ಒಂಬತ್ತರತನಕ ಇದ್ರು. ಅರವತ್ತಾರರಾಗ ಶಾಸ್ತ್ರಿ ತೀರಿದಾಗ ಜನವರಿಯೊಳಗ ಇದ್ರು. ಎರಡೂ ಸಲ ಹದಿಮೂರ ದಿನ."

"ಅಂದ್ರ ನನಗೆಷ್ಟ ವಯಸ್ಸು?"

"ಮೊದಲನೇ ಸಲ ಹುಟ್ಟಿದ್ರ ಅರವತ್ತೊಂದು. ಎರಡನೇ ಸಲ ಇದ್ರ ಐವತ್ತೊಂಬತ್ತು."

"ಮೊದಲನೇದ ಇರ್ಲಿ ತಗಿ, ನನಗ ಸಾಕಾಗೇತಿ," ಎಂದು ಸುನಂದಾ ನಕ್ಕರು.

ಸಹಿಗೆ ಉಳಿದ ಹಿರಿಯರೆಂದರೆ ಹುನಗುಂದದಲ್ಲಿರುವ ಅವರ ಸೋದರತ್ತೆ ಹುಚ್ಚವ್ವ ಮಾತ್ರ. ಮರುದಿನ ಇಬ್ಬರೂ ಬಸ್ಸು ಹತ್ತಿದರು.

ವಿಷಯ ಕೇಳಿ ಹುಚ್ಚವ್ವ ಬೊಚ್ಚು ಬಾಯಿ ತೆರೆದು ನಕ್ಕರು. "ಈ ವಯಸ್ಸಿನ್ಯಾಗ ವಯಸ್ಸು ಕೇಳಾಕತ್ತೀಯಲ್ಲ, ಗಂಡು ನೋಡಿ ಬಂದೀಯೇನ?"

"ಗಂಡು ಬ್ಯಾಡ ಅತ್ತಿ, ಪಿಂಚಣಿ ಬೇಕು."

"ತೊಟ್ಟಿಲದಾಗ ನಿನ್ನ ಹೆಸರು ಕಿವ್ಯಾಗ ಊದಿದಾಕಿ ನಾನ. ಎಲ್ಲಾರ ಕಡಿಂದ ಬೆನ್ನಿಗಿ ಗುದ್ದು ತಿಂದಾಕಿನೂ ನಾನ. ಹುಟ್ಟಿದ ಹದಿಮೂರನೇ ದಿನಾ ಅದು. ಆವತ್ತ ಚಾದಂಗಡಿ ರೇಡಿಯೋದಾಗ ನಂದಾ ಇಳದ್ರು, ಹೆಣ್ಣಮಗಳೊಬ್ಬಾಕಿ ಪ್ರಧಾನಿ ಆದಳು ಅಂತ ಬಂತು. 'ಲೇ ಶಿವಸಂಗ್ಯಾ, ನಿನ್ನ ಪ್ರಧಾನಿ ಮನಿಗಿ ಹ್ವಾದ' ಅಂತ, ನಂದಾ ಅವ್ರ ಹೆಸರ ಇಡ್ತೇನಿ ಅಂತ ಕುಂತಿದ್ದ ನಿಮ್ಮಪ್ಪಗ ನಿನ್ನ ಕಾಕಾ ಚ್ಯಾಷ್ಟಿ ಮಾಡಿದ. ಇಂದಿರಾ ಅಂತ ಇಡ್ರಿ ಅಂತ ಹೆಂಗಸರೆಲ್ಲಾ ಗದ್ದಲಾ. ನಿಮ್ಮಪ್ಪ ಜಪ್ಪಯ್ಯ ಅನ್ನಲಿಲ್ಲ. 'ಯಾರೂ ಇಲ್ಲದಾಗ ಕೆಲಸಾ ನಡಿಸ್ಯಾನ, ಸುಮ್ಮನ ಇಳದಾನ. ಅದ ಹೆಸರ ಇರ್ಲಿ' ಅಂದ."

ಅನುರಾಧಾ ಸಹಿಗೆಂದು ತಂದ ಕಾಗದದಿಂದ ಪೆನ್ನು ಎತ್ತಿದಳು. ಹೆಣ್ಣುಮಗಳು ಪ್ರಧಾನಿಯಾದದ್ದು ೧೯೬೬ರ ಜನವರಿ ಇಪ್ಪತ್ತನಾಲ್ಕಕ್ಕೆ. ಅಂದರೆ ಸುನಂದಾ ಹುಟ್ಟಿದ್ದು ಹನ್ನೆರಡಕ್ಕೆ. ಅರವತ್ತಾಗಲು ಇನ್ನೂ ಆರು ತಿಂಗಳ ಮೇಲಿದೆ. ಅರ್ಜಿ ಕೊಟ್ಟ ಮೇಲೆ ಮತ್ತೆಷ್ಟು ದಿನವೋ.

ಹುಚ್ಚವ್ವ ಚಹಾ ಇಡಲು ಒಳಗೆ ಹೋದಾಗ ಅನುರಾಧಾ ಮೆಲ್ಲಗೆ ಹೇಳಿದಳು. "ಅತ್ತಿ, ಅವ್ರಿಗೆ ಓದಾಕ ಬರಾಂಗಿಲ್ಲ. ಅರವತ್ನಾಕು ಅಂತ ಬರದ್ರೂ ಹೆಬ್ಬಟ್ಟು ಒತ್ತತಾರ."

ಸುನಂದಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿತೇನೋ ಎಂದು ಅನುರಾಧಾ ಅಂದುಕೊಂಡಳು.

"ಬ್ಯಾಡವಾ," ಎಂದರು ಕಣ್ಣು ತೆರೆಯದೆ. "ಖರೇ ಹೇಳ್ಯಾಳ ಆಕಿ. ಆಕಿ ಹೆಬ್ಬಟ್ಟಿನ ಕೆಳಗ ಸುಳ್ಳ ಬರಿಯೂದು ಬ್ಯಾಡ. ಜನವರಿ ಅಂತನ ಬರಿ."

ಹುನಗುಂದದ ಬಸ್‌ ಸ್ಟ್ಯಾಂಡಿನಲ್ಲಿ ಕೂತು ಸುನಂದಾ ಮಾಲಕರಿಗೆ ಫೋನ್ ಹಚ್ಚಿಸಿದರು.

"ಹಾಸು ಕಳಸ್ರಿ ಸಾವಕಾರ್ರ. ಇನ್ನೂ ಒಂದಿಷ್ಟ ದಿನಾ ಕುಂದರ್ತೇನಿ."

"ಮೊಣಕಾಲು ಹ್ಯಾಂಗದಾವಬೇ?"

"ಅದಾವ್ರಿ," ಎಂದು ಸುನಂದಾ ಫೋನನ್ನು ಸೊಸೆಯ ಕೈಗೆ ಕೊಟ್ಟರು.