ಕೋಪ ನುಂಗದ ತಾಯಿಯ ಮಗಳು

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಪುಟ್ಟಲಕ್ಷ್ಮಿ ಶಿವಮೊಗ್ಗದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದರು. 1997ರಲ್ಲಿ ಅವರ ತಾಯಿ ಲಿಂಗಮ್ಮನ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ತಿಳಿಯಿತು. ನೋಡಲು ಬಂದ ನೆಂಟರದೆಲ್ಲ ಒಂದೇ ಮಾತು: ಪಾಪ, ಎಲ್ಲವನ್ನೂ ಒಳಗೇ ನುಂಗಿಕೊಂಡಳು, ಅದೇ ಹೀಗೆ ಎದ್ದಿದೆ. ಆದರೆ ಲಿಂಗಮ್ಮ ನುಂಗುವ ಹೆಂಗಸೇ ಅಲ್ಲ. ನಲ್ಲಿಯ ಹತ್ತಿರ ಅವರು ದನಿ ಎತ್ತಿದರೆ ಆಚೆ ಬೀದಿಯವರೂ ಕೊಡ ಹಿಂದಕ್ಕೆ ಸರಿಸುತ್ತಿದ್ದರು. ಅವರು ಬಾಯೊಳಗೆ ಇಟ್ಟುಕೊಂಡದ್ದು ಹೊಗೆಸೊಪ್ಪು ಮಾತ್ರ, ಅದೂ ಮೈನೆರೆದ ವರ್ಷದಿಂದ.

ತಾಯಿ ತೀರಿಕೊಂಡ ಮೇಲೆ ಪುಟ್ಟಲಕ್ಷ್ಮಿ ಓದಲು ಕೂತರು. ನೆಂಟರ ಮಾತೇ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲೂ ಇತ್ತು. ಮೈ ಉರಿಯಿತು. ವ್ಯಕ್ತಿತ್ವ, ಹದಿಹರೆಯದ ನಡವಳಿಕೆ ಮತ್ತು ಕ್ಯಾನ್ಸರ್ ಅಪಾಯ ಎಂಬ ವಿಷಯದ ಮೇಲೆ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದರು.

ಹುಡುಗರ ಸ್ವಭಾವ, ಚಟಗಳ ಬಗ್ಗೆ ಕೇಳಲು ಭದ್ರಾವತಿಯ ಶಾಲೆಗೆ ಹೋದರೆ, ನಮ್ಮ ಮಕ್ಕಳು ಗುಟ್ಕಾ ಮುಟ್ಟುವುದಿಲ್ಲ ಎಂದು ಹೆಡ್‌ಮಾಸ್ತರರು ಗೇಟಿನಲ್ಲೇ ತಡೆದರು. ಪುಟ್ಟಲಕ್ಷ್ಮಿ ಕ್ವಾರ್ಟರ್ಸ್‌ನ ಮನೆಮನೆಗೆ ಹೋಗಿ, ತಾಯಂದಿರನ್ನು ಕೇಳಿ, ತಮಿಳರ ಮನೆಗಳಲ್ಲಿ ಅರೆಬರೆ ತಮಿಳಿನಲ್ಲೂ ಒಪ್ಪಿಸಿ ಹುಡುಗರನ್ನು ಮಾತಾಡಿಸಿದರು. ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತರು. ಕೋಪ ನುಂಗುವವರಿಗೂ ಕಾರುವವರಿಗೂ ರೋಗ ಬರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಯಿ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹೊಗೆಸೊಪ್ಪು, ಇಲ್ಲವೇ ಗುಟ್ಕಾ ಜಗಿದವರು. ಪುಂಡ ಹುಡುಗರು ಗುಟ್ಕಾ ಸ್ವಲ್ಪ ಬೇಗ ಹಿಡಿಯುತ್ತಿದ್ದರು, ಅಷ್ಟೇ. ಶಾಲೆಯ ಎದುರೇ ಅಂಗಡಿಯಿದ್ದ ಕಡೆ ಸಾಧು ಹುಡುಗರೂ ಹಿಡಿದಿದ್ದರು.

ಮಾರ್ಗದರ್ಶಕ ಪ್ರೊಫೆಸರ್ ತೀರ್ಥಪ್ಪನವರದು ಅಡಿಕೆ ಬೆಳೆಯುವ ಮನೆತನ. ಕರಡು ಓದಿ ಅವರು ಕನ್ನಡಕ ತೆಗೆದರು.

"ಅಡಿಕೆಯಿಂದ ಊಟ ಮಾಡೋ ಊರಲ್ಲಿ ಕೂತು ಇದನ್ನ ಬರೀತೀಯಾ ಮಾರಾಯ್ತಿ? ಸ್ವಭಾವದ ಅಧ್ಯಾಯ ದೊಡ್ಡದು ಮಾಡು. ಗುಟ್ಕಾದ್ದು ಅಡಿಟಿಪ್ಪಣಿಗೆ ಹಾಕು."

"ಆಗಲ್ಲ ಸಾರ್. ಸತ್ತವರ ಸ್ವಭಾವದ ಮೇಲೆ ತಪ್ಪು ಹೊರಿಸಿ ನಾನು ಡಾಕ್ಟರೇಟ್ ತಗೊಳ್ಳಲ್ಲ."

ತೀರ್ಥಪ್ಪನವರು ಪ್ರಬಂಧಕ್ಕೆ ಸಹಿ ಹಾಕಲಿಲ್ಲ. ಸಹೋದ್ಯೋಗಿಗಳು ಸ್ವಲ್ಪ ಬಗ್ಗಲು ಹೇಳಿದರು. ಪುಟ್ಟಲಕ್ಷ್ಮಿ ಬಗ್ಗದೆ ಬೇರೆ ಮಾರ್ಗದರ್ಶಕರನ್ನು ಕೇಳಿಕೊಂಡರು. ಅದಕ್ಕೆ ಎರಡು ವರ್ಷ ಹಾಳಾಯಿತು. 2004ರ ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು, ತಾಯಿಯ ಸಾವು ನಿಮ್ಮ ಕಣ್ಣು ಕಟ್ಟಿರಬಹುದಲ್ಲ ಎಂದು ಕೆಣಕಿದರು.

"ಅಮ್ಮನಿಂದಲೇ ಶುರು ಮಾಡಿದ್ದು ಹೌದು," ಎಂದರು ಪುಟ್ಟಲಕ್ಷ್ಮಿ. "ಅದಕ್ಕೇ ವಿಶ್ಲೇಷಣೆನ ನನ್ನ ಪರಿಚಯ ಇಲ್ಲದವರ ಕೈಲೂ ಮಾಡಿಸಿದೀನಿ. ಕೊನೇ ಅಧ್ಯಾಯದಲ್ಲಿದೆ, ನೋಡಿ."

ಪದವಿ ಬಂತು. ಕಾಲೇಜು ಸನ್ಮಾನ ಇಟ್ಟಿತು. ಶಾಲು, ಹಾರದ ಖರ್ಚು ಗುಟ್ಕಾ ಏಜೆನ್ಸಿಯವರದು ಎಂದು ಗೊತ್ತಾದಾಗ ಅವರು ವೇದಿಕೆಗೆ ಹೋಗಲೇ ಇಲ್ಲ. ಬಸ್ಸು ಹತ್ತಿ ಭದ್ರಾವತಿಗೆ ಹೋದರು. ಹಿಂದೆ ತಮ್ಮ ಮಗನನ್ನು ಮಾತಾಡಿಸಲು ಬಿಟ್ಟಿದ್ದ ಕ್ವಾರ್ಟರ್ಸ್‌ನ ಬಂಗಾರಮ್ಮನ ಮನೆಯಲ್ಲಿ ತಾಯಂದಿರನ್ನು ಸೇರಿಸಿ, ತಾವು ಕಂಡುಕೊಂಡದ್ದನ್ನೆಲ್ಲ ತಿಳಿಯುವಂತೆ ಹೇಳಿದರು. ಎಲ್ಲ ಕೇಳಿದ ಬಂಗಾರಮ್ಮ, ಶಾಲೆ ಮುಂದಿನ ಅಂಗಡಿಯವನಿಗೆ ಇದನ್ನೆಲ್ಲ ಹೇಳುವವರು ಯಾರು ಎಂದರು.

"ಅವನು ಇನ್ನೂ ಬಾಗಿಲು ಹಾಕಿರಲ್ಲ," ಎಂದು ಪುಟ್ಟಲಕ್ಷ್ಮಿ ಎದ್ದರು. "ಬನ್ನಿ, ಎಲ್ಲರೂ ಹೋಗೋಣ."